ಹೋರಿಗೆ ಸಿಕ್ಕ ಬೀದಿ, ಹುಡುಗಿಗೆ ಸಿಗದ ಬೀದಿ

ಶೋಯಿಚಿ ಆವೊಕಿ ಅನ್ನೋ ಫೋಟೋಗ್ರಾಫರ್ 1997ರಲ್ಲಿ ಟೋಕಿಯೋದಲ್ಲಿ ‘ಫ್ರೂಟ್ಸ್’ ಅಂತ ಒಂದು ಮಾಸಪತ್ರಿಕೆ ಶುರು ಮಾಡಿದರು. ಹರಾಜುಕು ಬಡಾವಣೆಯ ಬೀದಿಯಲ್ಲಿ ಓಡಾಡೋ ಹುಡುಗ ಹುಡುಗಿಯರನ್ನ ನಿಲ್ಲಿಸಿ ಒಂದು ಫೋಟೋ, ಪಕ್ಕದಲ್ಲಿ ಅವರ ವಯಸ್ಸು, ಕೆಲಸ, ಯಾವ ಬಟ್ಟೆ ಎಲ್ಲಿಯದು ಅನ್ನೋ ವಿವರ. ಅಷ್ಟೇ. 2001ರಲ್ಲಿ ಫೈಡನ್ ಪ್ರಕಾಶನ ಅದನ್ನು ಪುಸ್ತಕ ಮಾಡಿತು. ಇವತ್ತು ಇನ್‌ಸ್ಟಾಗ್ರಾಮಿನಲ್ಲಿ ‘ಜಪಾನೀಸ್ ಪಂಕ್’ ಅಂತ ನೀವು ನೋಡೋ ಉಡುಪಿನ ಬೇರು ಹುಡುಕುತ್ತಾ ಹೋದರೆ ಈ ಪುಸ್ತಕ ಸಿಗುತ್ತೆ.

ಚೌಕಳಿ ಲಂಗ, ಹರಿದ ಕಾಲುಚೀಲ, ಮೊಳೆ ಬಡಿದ ಬೆಲ್ಟು, ದಪ್ಪ ಅಟ್ಟೆಯ ಬೂಟು, ಎಲ್ಲೆಂದರಲ್ಲಿ ಸೇಫ್ಟಿ ಪಿನ್ನು. ಪಿನ್ನು ಬಂದಿದ್ದು ಎಪ್ಪತ್ತರ ದಶಕದ ಲಂಡನ್ನಿನ ಪಂಕ್ ರಾಕ್‌ನಿಂದ, ವಿವಿಯನ್ ವೆಸ್ಟ್‌ವುಡ್ ಅಂಗಡಿಯಿಂದ. ಮುಖದ ಬಣ್ಣ, ಗಗನಕ್ಕೆ ನಿಲ್ಲಿಸಿದ ಕೂದಲು ಎಕ್ಸ್ ಜಪಾನ್ ತರದ ರಾಕ್ ತಂಡಗಳಿಂದ. ಆ ತಂಡದ ಡ್ರಮ್ಮರ್ ಯೋಶಿಕಿ ಕಿಮೋನೊ ಅಂಗಡಿಯವರ ಮನೆ ಹುಡುಗ ಅನ್ನೋದು ನನಗೆ ಬಹಳ ಇಷ್ಟದ ವಿಷಯ.

ನಮ್ಮವ್ವನ ತಾಳಿಸರದಲ್ಲೂ ಯಾವಾಗಲೂ ಮೂರ್ನಾಲ್ಕು ಪಿನ್ನು ಇರುತ್ತಿದ್ದವು. ಹರಿದಿದ್ದು ಯಾರಿಗೂ ಕಾಣಬಾರದು ಅಂತ ಅವ್ವ ಪಿನ್ನು ಹಾಕೋಳು. ಹರಿದಿದ್ದು ಎಲ್ಲರಿಗೂ ಕಾಣಲಿ ಅಂತ ಹರಾಜುಕು ಹುಡುಗಿ ಹಾಕಿದಳು. ಈ ಶೈಲಿಯ ಪೂರ್ತಿ ದಮ್ಮು ಇರೋದು ಈ ಒಂದು ವ್ಯತ್ಯಾಸದಲ್ಲಿ. ಪುಸ್ತಕದಲ್ಲಿ ಮತ್ತೆ ಮತ್ತೆ ಬರೋ ವಿವರ ನೋಡಿ: ‘ಕೈಯಲ್ಲೇ ಹೊಲಿದಿದ್ದು’, ‘ಸೆಕೆಂಡ್ ಹ್ಯಾಂಡ್’. ಇದನ್ನೇ ಇವತ್ತು ಮೊದಲೇ ಹರಿದು, ಮೊದಲೇ ಪಿನ್ನು ಚುಚ್ಚಿ, ಆನ್‌ಲೈನ್‌ನಲ್ಲಿ ಸೆಟ್ಟು ಸೆಟ್ಟಾಗಿ ಮಾರುತ್ತಾರೆ. ಅದು ಉಡುಪಲ್ಲ, ಇನ್ನೊಂದು ಯೂನಿಫಾರ್ಮು. ನಮ್ಮ ಕಂಪನಿ ಹುಡಿಗೂ ಅದಕ್ಕೂ ನನಗೇನೂ ಫರಕು ಕಾಣಲ್ಲ.

ಆವೊಕಿ ಪುಸ್ತಕದ ಮೇಲೂ ನನ್ನದೊಂದು ತಕರಾರಿದೆ. ಪ್ರತಿ ಫೋಟೋದಲ್ಲೂ ಹುಡುಗಿ ಬೀದಿಯಲ್ಲಿ ನಿಂತೇ ಇರುತ್ತಾಳೆ. ಮನೆಯಿಂದ ಹೇಗೆ ಹೊರಟಳು? ಅಪ್ಪ ಏನಂದ? ರೈಲಿನಲ್ಲಿ ಪಕ್ಕ ಕೂತವರು ಹೇಗೆ ನೋಡಿದರು? ಹಳ್ಳಿಯಲ್ಲಿ ಬೆಳೆದವರಿಗೆ ಮೊದಲು ಹೊಳೆಯೋ ಪ್ರಶ್ನೆಗಳೇ ಇವು. ನಾನು ಕಾಲೇಜಿಗೆ ಹೋಗುವಾಗ ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಹೋಗೋ ಬಸ್ಸಿನಲ್ಲಿ ಕೆಲವು ಹುಡುಗಿಯರು ತಮ್ಮೂರು ದಾಟಿದ ಮೇಲೆ ವೇಲು ತೆಗೆದು ಬ್ಯಾಗಿಗೆ ತುರುಕೋರು. ಸಂಜೆ ಊರು ಬರುವ ಮುಂಚೆ ಮತ್ತೆ ಹೆಗಲ ಮೇಲೆ. ಉಡುಪಿನ ಅಸಲಿ ಕಥೆ ಇರೋದು ಆ ಬಸ್ಸಿನೊಳಗೆ. ಆವೊಕಿ ಕ್ಯಾಮೆರಾ ಬಸ್ಸು ಹತ್ತಲೇ ಇಲ್ಲ.

ಆದರೂ ಆ ಫೋಟೋಗಳು ಒಂದು ಮಾತು ಸರಿಯಾಗಿ ಹೇಳುತ್ತವೆ: ಈ ಉಡುಪಿಗೆ ಬೀದಿ ಬೇಕು. ಹರಾಜುಕುವಿನಲ್ಲಿ ಭಾನುವಾರ ಗಾಡಿ ನಿಲ್ಲಿಸಿ ರಸ್ತೆಯನ್ನು ನಡೆಯೋರಿಗೆ ಬಿಟ್ಟುಕೊಡುತ್ತಿದ್ದರು. ರಾಕ್ ತಂಡಗಳು ಅಲ್ಲೇ ಹಾಡುತ್ತಿದ್ದವು, ಜನ ಅಲ್ಲೇ ಸೇರುತ್ತಿದ್ದರು. 1998ರಲ್ಲಿ ಅದು ನಿಂತಿತು. ಬೀದಿ ಹೋಯಿತು, ಅಂಗಡಿ ಉಳೀತು. 2017ರಲ್ಲಿ ಆವೊಕಿ ಪತ್ರಿಕೆಯನ್ನೂ ನಿಲ್ಲಿಸಿದರು. ಫೋಟೋ ತೆಗೆಯೋ ಹಾಗೆ ಉಡೋ ಹುಡುಗರೇ ಸಿಗುತ್ತಿಲ್ಲ ಅನ್ನೋದು ಅವರು ಕೊಟ್ಟ ಕಾರಣ.

ನಮ್ಮಲ್ಲಿ ಅಂಥ ಬೀದಿ ಇಲ್ಲ ಅಂತೀರಾ? ಇದೆ. ದೀಪಾವಳಿ ಮುಗಿದ ಮೇಲೆ ಶಿಕಾರಿಪುರ, ಸೊರಬ ಕಡೆ ಹೋರಿ ಬೆದರಿಸೋ ಹಬ್ಬಕ್ಕೆ ಬನ್ನಿ. ಕೊಂಬಿಗೆ ಬಲೂನು, ರಿಬ್ಬನ್ನು, ಕೊರಳಿಗೆ ಕೊಬ್ಬರಿ ಸರ, ಬೆನ್ನಿಗೆ ಮಿಂಚೋ ಜೂಲ. ಹೋರಿಯ ಹೆಸರು ಅಚ್ಚು ಹಾಕಿಸಿದ ಟೀ ಶರ್ಟ್ ತೊಟ್ಟ ಹುಡುಗರ ಗುಂಪು, ಎಂದೂ ಇಲ್ಲದ ಹೇರ್‌ಸ್ಟೈಲು. ಎಲ್ಲಾ ತಾವೇ ಕೂತು ಕಟ್ಟಿದ್ದು. ಒಂದು ದಿನಕ್ಕೆ ಊರ ಬೀದಿ ಅವರದು. ಯಾರೂ ‘ನೋಡಿದೋರು ಏನಂತಾರೆ’ ಅನ್ನಲ್ಲ. ನೋಡಲಿ ಅಂತಲೇ ಅಲ್ವಾ ಸಿಂಗಾರ!

ಆದರೆ ನಾನು ನೋಡಿದ ಹಬ್ಬಗಳಲ್ಲೆಲ್ಲ ಬೀದಿ ಗಂಡಸರದ್ದು, ತಾರಸಿ ಹೆಂಗಸರದ್ದು. ಹೋರಿ ಬಲೂನು ಕಟ್ಟಿಕೊಂಡು ಓಡಬಹುದು. ಅದೇ ಊರಿನ ಹುಡುಗಿ ಕೂದಲಿಗೆ ನೀಲಿ ಬಣ್ಣ ಹಚ್ಚಿ ಶಿರಾಳಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟುತ್ತೆ. ಇದು ಅಕ್ಕಮಹಾದೇವಿಯ ಉಡುತಡಿ ಇರೋ ತಾಲ್ಲೂಕು. ಅಕ್ಕನದು ಭಕ್ತಿ, ಫ್ಯಾಷನ್ ಅಲ್ಲ, ಗೊತ್ತು. ಆದರೂ ಉಟ್ಟಿದ್ದನ್ನೇ ಬಿಟ್ಟು ನಡೆದವಳಿಗೆ ಕೈ ಮುಗಿಯೋ ನಾವು ಹರಿದ ಜೀನ್ಸಿಗೆ ಯಾಕೆ ಇಷ್ಟು ಬೆದರುತ್ತೇವೆ?

ಬೆಂಗಳೂರಲ್ಲಿ ಕೂತು ಇದನ್ನು ಓದುತ್ತಾ ಮೊಳೆ ಬಡಿದ ಬೆಲ್ಟು ಆರ್ಡರ್ ಮಾಡೋರಿಗೆ ನನ್ನ ಅಡ್ಡಿ ಇಲ್ಲ. ತಗೊಳ್ಳಿ. ಆದರೆ ಬೆಲ್ಟಿನ ಜೊತೆ ಬೀದಿ ಪಾರ್ಸಲ್ ಬರಲ್ಲ. ಅದನ್ನ ನಾವೇ ಬಿಟ್ಟುಕೊಡಬೇಕು: ಮನೆಯಲ್ಲಿ ತಂಗಿಗೆ, ಊರಲ್ಲಿ ಪಕ್ಕದ ಮನೆ ಹುಡುಗಿಗೆ, ದುರುಗುಟ್ಟಿ ನೋಡದೆ.