ಇದ್ದಿಲಿಗೆ ನಕ್ಕವರು

ನಮ್ಮ ಮನೆಯ ನಾಲ್ಕು ವರ್ಷದ ಪೋರನಿಗೆ ಬ್ರಶ್ಶಿಗೆ ಪೇಸ್ಟು ಹಾಕುವುದನ್ನು ಯಾರೂ ಹೇಳಿಕೊಟ್ಟಿಲ್ಲ. ಆದರೂ ಅವನು ಈ ತುದಿಯಿಂದ ಆ ತುದಿಯವರೆಗೆ ಹಿಂಡಿ, ಕೊನೆಯಲ್ಲಿ ಅಲೆಯಂತೆ ಒಂದು ಸುರುಳಿ ಎಬ್ಬಿಸುತ್ತಾನೆ. ಟಿವಿಯಲ್ಲಿ ಹಾಗೆಯೇ ಇದೆಯಲ್ಲ! ದಂತವೈದ್ಯರು ಈ ವಯಸ್ಸಿನ ಮಕ್ಕಳಿಗೆ ಹೇಳುವ ಪ್ರಮಾಣ ಬಟಾಣಿ ಕಾಳಿನಷ್ಟು. ಅಕ್ಷರ ಕಲಿಯದ ಮಗುವಿಗೆ ಚಿತ್ರವೇ ಪಾಠ. ಟ್ಯೂಬು ಬೇಗ ಖಾಲಿಯಾದರೆ ಲಾಭ ಯಾರಿಗೆ ಎಂದು ವಿವರಿಸಬೇಕಾಗಿಲ್ಲ.

ಇದು ಬರೀ ಹಣದ ಮಾತಲ್ಲ. ಪೇಸ್ಟಿನಲ್ಲಿರುವ ಫ್ಲೋರೈಡ್ ಹುಳುಕನ್ನು ತಡೆಯುತ್ತದೆ, ನಿಜ. ಆದರೆ ನಮ್ಮ ಕಾನೂನು ಅದಕ್ಕೆ 1000 ಪಿಪಿಎಂ ಎಂಬ ಮಿತಿ ಹಾಕಿರುವುದು ಸುಮ್ಮನೆ ಅಲ್ಲ. ಪುಟ್ಟ ಮಕ್ಕಳು ಪೇಸ್ಟನ್ನು ಉಗುಳದೆ ನುಂಗುವುದೂ ಉಂಟು. ಪಾವಗಡ, ಕೋಲಾರದ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಅತಿಯಾಗಿ ಮಕ್ಕಳ ಹಲ್ಲುಗಳು ಕಂದುಗಟ್ಟಿವೆ. ಆ ಮನೆಗಳ ಟಿವಿಯಲ್ಲೂ ಬರುವುದು ಇದೇ ಜಾಹೀರಾತು, ಇದೇ ಅಲೆ, ಹಾಲಿನಂತೆ ಬೆಳ್ಳಗಿನ ಇದೇ ಹಲ್ಲು. ಎಷ್ಟು ಉಜ್ಜಿದರೂ ಹೋಗದ ಕಲೆಯನ್ನು ಹೊತ್ತ ಹುಡುಗಿ ಅದನ್ನು ನೋಡಿ ತನ್ನ ಬಗ್ಗೆ ಏನೆಂದುಕೊಳ್ಳಬೇಕು?

ನಾಚಿಕೆಪಡಿಸಿ ಮಾರುವುದು ಈ ವ್ಯಾಪಾರದ ಹಳೆಯ ಪದ್ಧತಿ. ದೂರದರ್ಶನದ ದಿನಗಳ ಕೋಲ್ಗೇಟ್ ಹಲ್ಲುಪುಡಿಯ ಜಾಹೀರಾತು ಹಲವರಿಗೆ ನೆನಪಿರಬಹುದು. ಮೈಗೆ ಹಾಲು ಬಾದಾಮಿ, ಹಲ್ಲಿಗೆ ಮಾತ್ರ ಇದ್ದಿಲೇ ಎಂದು ಪೈಲ್ವಾನನೊಬ್ಬನನ್ನು ಅದು ಗೇಲಿ ಮಾಡುತ್ತಿತ್ತು. ಗೇಲಿಗೊಳಗಾದದ್ದು ಅವನೊಬ್ಬನೇ ಅಲ್ಲ. ಉಮಿ ಸುಟ್ಟ ಕರಿ, ಉಪ್ಪು, ಮಾವಿನ ಎಲೆ, ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದ ನಮ್ಮ ಅಜ್ಜ ಅಜ್ಜಿಯರೆಲ್ಲರೂ ಆ ನಗುವಿಗೆ ಗುರಿಯಾದರು. ಇದ್ದಿಲು ಹಲ್ಲಿನ ಹೊರಕವಚವನ್ನು ತೇಯುತ್ತದೆ ಎಂಬ ಮಾತಿನಲ್ಲಿ ಸತ್ಯವಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಳೆಯದೆಲ್ಲ ಹೊನ್ನು ಎನ್ನುವವನೂ ನಾನಲ್ಲ.

ಆದರೆ ಮುಂದೆ ಆದದ್ದೇನು? ಮೈಕು ಹಿಡಿದ ಸಿನಿಮಾ ತಾರೆಯೊಬ್ಬಳು ಮನೆಯೊಳಗೆ ನುಗ್ಗಿ, ನಿಮ್ಮ ಪೇಸ್ಟಿನಲ್ಲಿ ಉಪ್ಪಿದೆಯೇ ಎಂದು ವಿಚಾರಿಸತೊಡಗಿದಳು. ಪತಂಜಲಿಯ ದಂತಕಾಂತಿ ಪೈಪೋಟಿಗೆ ಬಂದ ಮೇಲೆ, 2016ರಲ್ಲಿ ಕೋಲ್ಗೇಟ್ ಸಿಬಾಕ ವೇದಶಕ್ತಿ ಎಂಬ ಹೆಸರಿನಲ್ಲಿ ಬೇವು, ಲವಂಗಗಳೊಡನೆ ಪ್ರತ್ಯಕ್ಷವಾಯಿತು. ಕಡೆಗೆ ಅದೇ ಕಂಪೆನಿಯಿಂದ ಇದ್ದಿಲಿನ ಪೇಸ್ಟೂ ಬಂತು. ಅಜ್ಜಿಯ ಒಲೆಯಿಂದ ಪುಕ್ಕಟೆ ಸಿಗುತ್ತಿದ್ದುದು ಟ್ಯೂಬಿನೊಳಗೆ ಹೊಕ್ಕು ಬೆಲೆ ಪಡೆದುಕೊಂಡಿತು. ಅಂದು ಅಜ್ಜಿಗೆ ನಕ್ಕದ್ದು ತಪ್ಪಾಯಿತೆಂದು ಯಾವ ಜಾಹೀರಾತೂ ಹೇಳಲಿಲ್ಲ.

ಇನ್ನು ಬಿಳಿ ಕೋಟಿನ ಕತೆ. 80 ಶೇಕಡಕ್ಕಿಂತ ಹೆಚ್ಚು ದಂತವೈದ್ಯರು ಶಿಫಾರಸು ಮಾಡುತ್ತಾರೆ ಎಂಬ ಕೋಲ್ಗೇಟ್ ಜಾಹೀರಾತನ್ನು 2007ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ದಾರಿ ತಪ್ಪಿಸುವಂಥದ್ದು ಎಂದು ತೀರ್ಮಾನಿಸಿತು. ಸಮೀಕ್ಷೆಯಲ್ಲಿ ವೈದ್ಯರು ಒಂದಕ್ಕಿಂತ ಹೆಚ್ಚು ಪೇಸ್ಟುಗಳ ಹೆಸರು ಹೇಳಬಹುದಿತ್ತು. ಪ್ರತಿಸ್ಪರ್ಧಿ ಪೇಸ್ಟೊಂದರ ಹೆಸರನ್ನೂ ಹೆಚ್ಚುಕಡಿಮೆ ಅಷ್ಟೇ ಮಂದಿ ಹೇಳಿದ್ದರು. ಅಂಕಿ ಸುಳ್ಳಲ್ಲ, ಅದು ಮೂಡಿಸುವ ಭಾವನೆ ಸುಳ್ಳು. ನಮ್ಮಲ್ಲಿ ದಂತವೈದ್ಯರು ಹೀಗೆ ಉತ್ಪನ್ನಗಳ ಪರ ಪ್ರಚಾರ ಮಾಡುವಂತಿಲ್ಲ. ಅದಕ್ಕೆ ಸೆನ್ಸೊಡೈನ್ ಕಂಡುಕೊಂಡ ಉಪಾಯ ವಿದೇಶಿ ವೈದ್ಯರನ್ನು ತೆರೆಗೆ ತರುವುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರಲ್ಲಿ ಆ ಜಾಹೀರಾತುಗಳನ್ನು ನಿಲ್ಲಿಸಲು ಆದೇಶಿಸಿ 10 ಲಕ್ಷ ರೂಪಾಯಿ ದಂಡ ವಿಧಿಸಿತು. ವಿಶ್ವದಾದ್ಯಂತ ವೈದ್ಯರ ಶಿಫಾರಸು ಎಂಬ ಮಾತಿಗೆ ಕಂಪೆನಿ ಕೊಟ್ಟ ಆಧಾರವಾದರೂ ಏನು? ಭಾರತದ ದಂತವೈದ್ಯರ ನಡುವೆ ಮಾತ್ರ ನಡೆಸಿದ ಸಮೀಕ್ಷೆಗಳು!

ನಮ್ಮ ಮಸೀದಿಯ ಹೊರಗೆ ಶುಕ್ರವಾರ ಮಿಸ್ವಾಕ್ ಕಡ್ಡಿ ಮಾರುವ ಮುದುಕರೊಬ್ಬರಿದ್ದಾರೆ. ಪ್ರವಾದಿಯವರು(ಸ) ಒತ್ತಿ ಹೇಳಿದ ಶುಚಿತ್ವದ ಆ ರೂಢಿಯ ಹೆಸರನ್ನೂ ಮಾರುಕಟ್ಟೆ ಬಿಟ್ಟಿಲ್ಲ. ಬಲ್ಸಾರಾ ಕಂಪೆನಿ ಹೊರತಂದ ಮಿಸ್ವಾಕ್ ಪೇಸ್ಟು, 2005ರಲ್ಲಿ ಆ ಕಂಪೆನಿಯೊಂದಿಗೆ ಡಾಬರ್ ಪಾಲಾಯಿತು. ಡಾಬರ್ ಒಂದು ಕೈಯಲ್ಲಿ ಆಯುರ್ವೇದದ ಕೆಂಪು ಪೇಸ್ಟು, ಇನ್ನೊಂದು ಕೈಯಲ್ಲಿ ಮಿಸ್ವಾಕ್ ಹಿಡಿದಿದೆ. ವ್ಯಾಪಾರ ಅವರ ಹಕ್ಕು. ಆದರೆ ಪೆಟ್ಟಿಗೆಯ ಮೇಲಿನ ಹೆಸರು ನೋಡಿಯೇ ಸುನ್ನತ್ ಪೂರೈಸಿತು ಎಂದುಕೊಳ್ಳುವ ನಮ್ಮವರನ್ನು ಕಂಡಾಗ ನಗು ಬರುತ್ತದೆ, ಬೇಸರವೂ ಆಗುತ್ತದೆ.

ಕಳೆದ ವಾರ ಪೋರನನ್ನು ಆ ಮುದುಕರ ಬಳಿ ಕರೆದೊಯ್ದಿದ್ದೆ. ಕಡ್ಡಿಯ ತುದಿಯ ಸಿಪ್ಪೆ ಸುಲಿದು, ಜಗಿದು ನಾರು ಮಾಡಿಕೊಳ್ಳುವುದನ್ನು ಅವರು ತೋರಿಸಿದರು. ಪೋರ ಇಡೀ ಕಡ್ಡಿಯನ್ನೇ ಬಾಯಿಗೆ ತುರುಕಲು ಹೊರಟ.

“ಅಷ್ಟು ಬೇಡ ಮೋನೇ,” ಎಂದರು ಮುದುಕರು, “ಒಂದು ಉಗುರಿನಷ್ಟು ಸಾಕು.”