ಪಾರ್ಕ್‌ಸೈಡ್ ಮತ್ತು ಹೊಗಾರ್ಟ್: ಮುಚ್ಚಿಹೋದ ಒಂದು ರಗ್ಬಿ ಕ್ಲಬ್ಬಿನ ನೆನಪು

ರಿಚರ್ಡ್ ಹೊಗಾರ್ಟ್‌ನ ಹೆಸರು ನಮ್ಮ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಿಗೆ ಸಂಸ್ಕೃತಿ ಅಧ್ಯಯನದ ಮೊದಲ ಪಾಠದಲ್ಲೇ ಎದುರಾಗುತ್ತದೆ. 1957ರಲ್ಲಿ 'ದಿ ಯೂಸಸ್ ಆಫ್ ಲಿಟರಸಿ' ಬರೆದವನು, 1964ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರವನ್ನು ಕಟ್ಟಿದವನು ಎಂದು ಎರಡು ವಾಕ್ಯ ಬರೆದುಕೊಂಡು ನಾವು ಸ್ಟುವರ್ಟ್ ಹಾಲ್ ಕಡೆಗೆ ಹೊರಟುಬಿಡುತ್ತೇವೆ. ಆ ಪುಸ್ತಕವನ್ನು ಪೂರ್ತಿ ಓದಿದವರು ಕಡಿಮೆ. ಓದಿದವರಲ್ಲೂ ಅದರಲ್ಲಿ ಬರುವ ಒಂದು ರಗ್ಬಿ ತಂಡವನ್ನು ನೆನಪಿಟ್ಟುಕೊಂಡವರು ಇನ್ನೂ ಕಡಿಮೆ. ಈ ಬರಹ ಆ ತಂಡದ ಬಗ್ಗೆ. ತಂಡದ ನೆಪದಲ್ಲಿ, ಆ ಪುಸ್ತಕ ಏನನ್ನು ಕಂಡಿತು, ಏನನ್ನು ಕಾಣದೆ ಹೋಯಿತು ಎಂಬುದರ ಬಗ್ಗೆಯೂ ಹೌದು.

ಹೊಗಾರ್ಟ್ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ. ಎಂಟನೆಯ ವಯಸ್ಸಿನ ಹೊತ್ತಿಗೆ ತಾಯಿಯೂ ತೀರಿಕೊಂಡಾಗ, ಲೀಡ್ಸ್ ನಗರದ ದಕ್ಷಿಣ ಭಾಗದ ಹನ್‌ಸ್ಲೆಟ್‌ನಲ್ಲಿದ್ದ ಅಜ್ಜಿಯ ಮನೆ ಸೇರಿದ. ಹನ್‌ಸ್ಲೆಟ್ ಎಂದರೆ ರೈಲು ಎಂಜಿನ್ ತಯಾರಿಸುವ ಕಾರ್ಖಾನೆಗಳು, ಹೊಗೆ, ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ ಇಟ್ಟಿಗೆ ಮನೆಗಳ ಸಾಲು. 'ದಿ ಯೂಸಸ್ ಆಫ್ ಲಿಟರಸಿ'ಯ ಮೊದಲ ಭಾಗದಲ್ಲಿ ಆತ ಚಿತ್ರಿಸುವ ಕಾರ್ಮಿಕರ ಲೋಕ ಬಹುಮಟ್ಟಿಗೆ ಈ ಕೇರಿಯದೇ. ಅಲ್ಲಿ ಒಂದು ಕಡೆ, ವೆಂಬ್ಲಿಯಲ್ಲಿ ಕಪ್ ಗೆದ್ದ ಹನ್‌ಸ್ಲೆಟ್ ರಗ್ಬಿ ತಂಡ ಊರಿಗೆ ಮರಳಿದ ರಾತ್ರಿಯನ್ನು ನೆನೆಯುತ್ತಾನೆ. ರೈಲು ನಿಲ್ದಾಣದಿಂದ ತೆರೆದ ಬಸ್ಸಿನ ಮೇಲೆ ಕುಳಿತು ಬಂದ ಆಟಗಾರರು ಬೀದಿಬೀದಿಯ ಹೆಂಡದಂಗಡಿಯಲ್ಲೂ ಇಳಿಯುತ್ತಾರೆ, ಯಾರೂ ಅವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಮಲಗುವ ಹೊತ್ತು ಮೀರಿದರೂ ಮನೆಗೆ ಹೋಗದ ಹುಡುಗರ ಹಿಂಡು ಬಸ್ಸಿನ ಹಿಂದೆ. ನಾಲ್ಕಾರು ಸಾಲಿನ ಚಿತ್ರ ಇದು. ಓದಿದವರಿಗೆ ನಮ್ಮೂರ ತೇರು ನೆನಪಾದರೆ ಆಶ್ಚರ್ಯವಿಲ್ಲ.

ಇದು 1934ರ ಘಟನೆಯೇ ಆಗಿರಬೇಕು. ಹನ್‌ಸ್ಲೆಟ್ ವೆಂಬ್ಲಿಯಲ್ಲಿ ಗೆದ್ದದ್ದು ಅದೊಂದೇ ಸಲ, ವಿಡ್ನೆಸ್ ತಂಡದ ಮೇಲೆ, 11-5ರಿಂದ. ಆಗ ಹೊಗಾರ್ಟ್‌ಗೆ ಹದಿನೈದು ವರ್ಷ. ಪುಸ್ತಕದಲ್ಲಿ ಆ ರಾತ್ರಿಗೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ತಂಡ ಎಲ್ಲಿಂದ ಬಂತು, ಅದನ್ನು ನಡೆಸುತ್ತಿದ್ದವರು ಯಾರು, ಆಟಗಾರರಿಗೆ ಏನು ಕೊಡುತ್ತಿದ್ದರು ಎಂಬ ಪ್ರಶ್ನೆಗಳನ್ನು ಆ ಚಿತ್ರ ಕೇಳುವುದಿಲ್ಲ. ಬೀದಿಯ ಅಂಚಿನಲ್ಲಿ ನಿಂತ ಹುಡುಗನೊಬ್ಬನ ಕಣ್ಣಿಗೆ ತಂಡವೆಂದರೆ ಬಸ್ಸಿನ ಮೇಲಿನ ಬೆಳಕು. ಹುಡುಗನಿಗೆ ಅಷ್ಟು ಸಾಕು. ಸಂಸ್ಕೃತಿಯನ್ನು ಕುರಿತು ಪುಸ್ತಕ ಬರೆಯುವ ಮೂವತ್ತೆಂಟರ ಲೇಖಕನಿಗೂ ಅಷ್ಟೇ ಸಾಕೇ ಎಂಬುದು ನನ್ನ ಪ್ರಶ್ನೆ.

ಆತ ಬಿಟ್ಟದ್ದನ್ನು ನಾವು ಸ್ವಲ್ಪ ತುಂಬಿಕೊಳ್ಳೋಣ. ಹನ್‌ಸ್ಲೆಟ್ ಕ್ಲಬ್ ಹುಟ್ಟಿದ್ದು 1883ರಲ್ಲಿ. 1888ರಿಂದ ಅದರ ಮೈದಾನ ಪಾರ್ಕ್‌ಸೈಡ್. ಆಗ ರಗ್ಬಿ ಎಂದರೆ ಒಂದೇ ಆಟ, ಒಂದೇ ಸಂಸ್ಥೆ. ಆಡುವವರು ಹಣ ಮುಟ್ಟಬಾರದೆಂಬುದು ಆ ಸಂಸ್ಥೆಯ ಕಟ್ಟಪ್ಪಣೆ. ದಕ್ಷಿಣ ಇಂಗ್ಲೆಂಡಿನ ವಕೀಲರಿಗೆ, ವೈದ್ಯರಿಗೆ ಅದರಿಂದ ಏನೂ ನಷ್ಟವಿರಲಿಲ್ಲ. ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳ ಗಣಿಯಲ್ಲಿ, ಗಿರಣಿಯಲ್ಲಿ ಶನಿವಾರವೂ ದುಡಿಯುವವನಿಗೆ ಮಾತ್ರ ಆಟವೆಂದರೆ ಅರ್ಧ ದಿನದ ಕೂಲಿ ಖೋತಾ. ತಪ್ಪಿದ ಕೂಲಿಯನ್ನಷ್ಟಾದರೂ ತುಂಬಿಕೊಡಿ ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. ಒಪ್ಪಿಗೆ ಸಿಗಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ 'ನಾರ್ದರ್ನ್ ಯೂನಿಯನ್' ಕಟ್ಟಿಕೊಂಡವು. ಹೊಸ ಸಂಸ್ಥೆಯ ಮೊದಲ ಋತುವಿನಲ್ಲಿ ಆಡಿದ ಇಪ್ಪತ್ತೆರಡು ಕ್ಲಬ್ಬುಗಳಲ್ಲಿ ಹನ್‌ಸ್ಲೆಟ್ ಒಂದು. ಕೂಲಿ ತಪ್ಪಿದ ದಿನಕ್ಕೆ ಆರು ಶಿಲ್ಲಿಂಗ್ ಕೊಡಬಹುದು ಎಂಬುದು ಹೊಸ ನಿಯಮ. ನಂತರ ತಂಡಕ್ಕೆ ಹದಿನೈದರ ಬದಲು ಹದಿಮೂರು ಜನ ಎಂದಾಯಿತು, ಆಟದ ನಡೆ ಬದಲಾಯಿತು. 1922ರಲ್ಲಿ ಆ ಸಂಸ್ಥೆ ರಗ್ಬಿ ಲೀಗ್ ಎಂಬ ಹೆಸರನ್ನೇ ಇಟ್ಟುಕೊಂಡಿತು.

ಅಂದರೆ ಈ ಆಟದ ಮೂಲದಲ್ಲಿರುವುದು ಒಂದು ಕೂಲಿಯ ಜಗಳ. ಟೋನಿ ಕಾಲಿನ್ಸ್‌ನ 'ರಗ್ಬೀಸ್ ಗ್ರೇಟ್ ಸ್ಪ್ಲಿಟ್' ಇದನ್ನು ವರ್ಗಗಳ ನಡುವಿನ ತಿಕ್ಕಾಟದ ಚರಿತ್ರೆಯಾಗಿ ಬಿಡಿಸಿ ತೋರಿಸುತ್ತದೆ. ಆ ಪುಸ್ತಕ ಬಂದದ್ದು 1998ರಲ್ಲಿ, ಹೊಗಾರ್ಟ್‌ನ ನಾಲ್ಕು ದಶಕಗಳ ನಂತರ. ಆದರೆ ಶನಿವಾರದ ಕೂಲಿಯ ಸಂಗತಿ ತಿಳಿಯಲು ಹನ್‌ಸ್ಲೆಟ್‌ನಲ್ಲಿ ಬೆಳೆದವನಿಗೆ ಸಂಶೋಧನಾ ಗ್ರಂಥ ಬೇಕಿರಲಿಲ್ಲ.

1907-08ರ ಋತುವಿನಲ್ಲಿ ಹನ್‌ಸ್ಲೆಟ್ ಆಗ ಗೆಲ್ಲಲು ಇದ್ದ ನಾಲ್ಕೂ ಕಪ್‌ಗಳನ್ನು ಗೆದ್ದಿತು. ಹಾಗೆ ಗೆದ್ದ ಮೊದಲ ತಂಡ ಅದು. ಆಮೇಲೆ ಆ ಸಾಧನೆ ಮಾಡಿದ್ದು ಹಡರ್ಸ್‌ಫೀಲ್ಡ್ ಮತ್ತು ಸ್ವಿಂಟನ್ ಮಾತ್ರ. ನಾಯಕ ಆಲ್ಬರ್ಟ್ ಗೋಲ್ಡ್‌ಥಾರ್ಪ್‌ಗೆ ಆಗ ಮೂವತ್ತಾರು. ಒಂದೇ ಋತುವಿನಲ್ಲಿ ನೂರು ಗೋಲು ದಾಟಿದ ಮೊದಲಿಗ ಅವನು. ಅವನ ಅಣ್ಣತಮ್ಮಂದಿರೂ ಇದೇ ಕ್ಲಬ್ಬಿಗೆ ಆಡಿದವರು. ಮುಂಚೂಣಿಯ ಆರು ಜನರಿಗೆ 'ಭಯಂಕರ ಆರು ಮಂದಿ' ಎಂದೇ ಹೆಸರು ಬಿದ್ದಿತ್ತು. 1938ರಲ್ಲಿ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಹನ್‌ಸ್ಲೆಟ್‌ಗೆ ಎದುರಾದದ್ದು ಅದೇ ನಗರದ ಉತ್ತರದ ಕ್ಲಬ್ ಲೀಡ್ಸ್. ಎಲ್ಲಂಡ್ ರೋಡ್‌ನಲ್ಲಿ ಐವತ್ತನಾಲ್ಕು ಸಾವಿರ ಜನರ ಎದುರು ಹನ್‌ಸ್ಲೆಟ್ 8-2ರಿಂದ ಗೆದ್ದಿತು. ನಗರದ ಬಡ ಭಾಗ ಸಿರಿವಂತ ಭಾಗವನ್ನು ಸೋಲಿಸಿದ ಆ ದಿನದ ಮಾತು ದಕ್ಷಿಣ ಲೀಡ್ಸ್‌ನಲ್ಲಿ ಬಹಳ ವರ್ಷ ಉಳಿಯಿತು.

ಈಗ ಪುಸ್ತಕಕ್ಕೆ ಮರಳೋಣ. ಅದಕ್ಕೆ ಎರಡು ಭಾಗಗಳು. ಮೊದಲನೆಯದು ಹಳೆಯ ಬದುಕಿನ ಚಿತ್ರ: ತಾಯಿ, ಮನೆಯ ಒಲೆ, ನೆರೆಹೊರೆ, ಗಾದೆ, ಹಾಡು, ಜಾತ್ರೆಯಂಥ ಸಂಭ್ರಮ. ಎರಡನೆಯದು ಆ ಬದುಕನ್ನು ಒಳಗಿನಿಂದ ಕೊರೆಯುತ್ತಿದೆ ಎಂದು ಹೊಗಾರ್ಟ್ ಭಾವಿಸಿದ ಹೊಸ ಸರಕು: ಹಸಿಬಿಸಿ ಪತ್ರಿಕೆಗಳು, ಗೂಂಡಾ ಕಾದಂಬರಿಗಳು, ಹಾಲಿನ ಅಂಗಡಿಯಲ್ಲಿ ಜ್ಯೂಕ್‌ಬಾಕ್ಸ್‌ಗೆ ಕಾಸು ಹಾಕುತ್ತ ಕೂರುವ ಹುಡುಗರು. ಮಾನನಷ್ಟ ಮೊಕದ್ದಮೆಯ ಭಯದಿಂದ ಎರಡನೆಯ ಭಾಗದ ಎಷ್ಟೋ ಮಾದರಿಗಳನ್ನು ಹೊಗಾರ್ಟ್ ತಾನೇ ಹೊಸದಾಗಿ ಬರೆದು ಸೇರಿಸಬೇಕಾಯಿತು ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಒಟ್ಟು ವಾದ ಇಷ್ಟು: ಓದಲು ಕಲಿತ ಕಾರ್ಮಿಕವರ್ಗಕ್ಕೆ ಮಾರುಕಟ್ಟೆ ಕೀಳು ಓದನ್ನು ಮಾರುತ್ತಿದೆ. ಅದರಿಂದ ಅವರ ಒಟ್ಟು ಬಾಳಿನ ಹದ ಕೆಡುತ್ತಿದೆ.

ಈ ವಾದವನ್ನು ಪಾರ್ಕ್‌ಸೈಡ್‌ಗೆ ತಂದು ಹಿಡಿದು ನೋಡಬೇಕು. ಕ್ಲಬ್ ಸತ್ತದ್ದು ಹೇಗೆ? 1965ರಲ್ಲಿ ಹನ್‌ಸ್ಲೆಟ್ ಮತ್ತೆ ವೆಂಬ್ಲಿಗೆ ಹೋಯಿತು. ವಿಗನ್ ಎದುರು 20-16ರಿಂದ ಸೋತರೂ ಆ ಆಟ ಕಪ್‌ನ ಚರಿತ್ರೆಯ ಅತ್ಯುತ್ತಮ ಫೈನಲ್‌ಗಳಲ್ಲಿ ಒಂದೆಂದು ಹೆಸರಾಯಿತು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಲಾನ್ಸ್ ಟಾಡ್ ಟ್ರೋಫಿಯನ್ನು ಮೊದಲ ಬಾರಿಗೆ ಇಬ್ಬರಿಗೆ ಹಂಚಬೇಕಾಯಿತು: ವಿಗನ್‌ನ ರೇ ಆಶ್ಬಿ ಮತ್ತು ಹನ್‌ಸ್ಲೆಟ್‌ನ ಬ್ರಯಾನ್ ಗ್ಯಾಬಿಟಸ್. ಅದಾದ ಎಂಟು ವರ್ಷಕ್ಕೆ, 1973ರಲ್ಲಿ, ಪಾರ್ಕ್‌ಸೈಡ್ ಕೈಗಾರಿಕಾ ಕಟ್ಟಡಗಳಿಗಾಗಿ ಮಾರಾಟವಾಯಿತು, ಕ್ಲಬ್ ಮುಚ್ಚಿತು.

ಈ ಎಂಟು ವರ್ಷಗಳ ಹಿನ್ನೆಲೆಯಲ್ಲಿ ಕೇರಿಗೆ ಏನಾಗಿತ್ತೆಂದು ನೋಡಿದರೆ ಕಾರಣ ಕಾಣುತ್ತದೆ. ಯುದ್ಧಾನಂತರದ ಕೊಳೆಗೇರಿ ನಿರ್ಮೂಲನದಲ್ಲಿ ಹನ್‌ಸ್ಲೆಟ್‌ನ ಮನೆಸಾಲುಗಳು ಒಂದಾದ ಮೇಲೊಂದು ನೆಲಸಮವಾದವು. ಜನ ನಗರದ ಹೊರವಲಯದ ಬಡಾವಣೆಗಳಿಗೆ ಹೋದರು. ಹೆದ್ದಾರಿ ಬಂತು. ಅರವತ್ತರ ದಶಕದ ಕೊನೆಯಲ್ಲಿ ಎದ್ದ ಕಾಂಕ್ರೀಟಿನ ವಸತಿ ಸಮುಚ್ಚಯ ವಾಸಕ್ಕೆ ಯೋಗ್ಯವಲ್ಲವೆನಿಸಿ ಎಂಬತ್ತರ ದಶಕದಲ್ಲಿ ಅದನ್ನೂ ಕೆಡವಿದರು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ನಡೆದುಕೊಂಡೇ ಮೈದಾನಕ್ಕೆ ಬರುತ್ತಿದ್ದವರ ಮನೆಗಳೇ ಇಲ್ಲವಾದಾಗ ಗೇಟಿನ ಹಣ ಎಲ್ಲಿಂದ ಬರಬೇಕು? ಖಾಲಿಯಾಗುತ್ತಿದ್ದ ಮೈದಾನಕ್ಕಿಂತ ಅದರ ಕೆಳಗಿನ ನೆಲಕ್ಕೆ ಹೆಚ್ಚು ಬೆಲೆ ಬಂದಿತ್ತು.

ಹೊಗಾರ್ಟ್ ಅಪಾಯವನ್ನು ಪುಸ್ತಕದಂಗಡಿಯ ಕಪಾಟಿನಲ್ಲಿ ಹುಡುಕಿದ. ಅದು ಬಂದದ್ದು ನಗರ ಯೋಜನೆಯ ನಕ್ಷೆಯಲ್ಲಿ, ಜಮೀನಿನ ಕ್ರಯಪತ್ರದಲ್ಲಿ. ಜ್ಯೂಕ್‌ಬಾಕ್ಸ್ ಕೇಳಿ ಹಾಳಾದ ಹುಡುಗರು ಪಾರ್ಕ್‌ಸೈಡನ್ನು ಮುಚ್ಚಲಿಲ್ಲ.

ಹೀಗೆ ಹೇಳುವಾಗ ಆತನಿಗೆ ಅನ್ಯಾಯವಾಗಬಾರದು. ಟೆಲಿವಿಷನ್ನು, ಕಾರು ಜನರನ್ನು ಮೈದಾನದಿಂದ ಎಳೆದದ್ದೂ ನಿಜ. ಅದನ್ನು ಆತ ಒಂದು ಬಗೆಯಲ್ಲಿ ಮುಂಗಂಡಿದ್ದ. 1957ರಲ್ಲಿ ಕುಳಿತು 1973ನ್ನು ಊಹಿಸಬೇಕಿತ್ತೆಂದು ಕೇಳುವುದೂ ತಪ್ಪು. ನನ್ನ ತಕರಾರು ಬೇರೆ. ಕೇರಿಯ ಸಂಸ್ಕೃತಿಯನ್ನು ಆತ ಹೆಚ್ಚಾಗಿ ಮನೋಧರ್ಮವಾಗಿ, ಹೊಂದಿಕೊಂಡು ಬಾಳುವ ರೀತಿಯಾಗಿ ವರ್ಣಿಸುತ್ತಾನೆ. ಆ ಜನ ಕಟ್ಟಿಕೊಂಡ ಸಂಸ್ಥೆಗಳಾದ ಕಾರ್ಮಿಕ ಸಂಘ, ಸಹಕಾರಿ ಅಂಗಡಿ, ರಗ್ಬಿ ಕ್ಲಬ್ಬುಗಳು ಹಿನ್ನೆಲೆಗೆ ಸರಿಯುತ್ತವೆ. ಕಾರ್ಮಿಕವರ್ಗದ ದೊಡ್ಡ ಸೃಷ್ಟಿ ಅದರ ಸಂಸ್ಥೆಗಳೇ ಎಂದು ರೇಮಂಡ್ ವಿಲಿಯಮ್ಸ್ 'ಕಲ್ಚರ್ ಅಂಡ್ ಸೊಸೈಟಿ'ಯಲ್ಲಿ ವಾದಿಸಿದ್ದು 1958ರಲ್ಲಿ, ಮರುವರ್ಷವೇ. ಆ ಎರಡು ಪುಸ್ತಕಗಳ ನಡುವಿನ ವ್ಯತ್ಯಾಸ ತಿಳಿಯಬೇಕಾದವರಿಗೆ ಹನ್‌ಸ್ಲೆಟ್ ಕ್ಲಬ್ ಒಳ್ಳೆಯ ಉದಾಹರಣೆ. ಮನೋಧರ್ಮವೆಂದು ನೋಡಿದರೆ ಅದು ಮೆಲ್ಲಗೆ ಮಾಸುತ್ತದೆ, ನಾವು ನಿಟ್ಟುಸಿರು ಬಿಡಬಹುದು. ಸಂಸ್ಥೆಯೆಂದು ನೋಡಿದರೆ ಅದಕ್ಕೆ ನೆಲವಿದೆ, ಲೆಕ್ಕಪುಸ್ತಕವಿದೆ, ಮಾರುವವರು ಮತ್ತು ಕೊಳ್ಳುವವರು ಇದ್ದಾರೆ. ಆಗ ಪ್ರಶ್ನೆ ಕೇಳಬಹುದು.

ಇನ್ನೊಂದು ಕೊರತೆಯೂ ಇದೆ. ಪುಸ್ತಕದ ಬಹಳ ಪ್ರಸಿದ್ಧ ಭಾಗ 'ಸ್ಕಾಲರ್‌ಷಿಪ್ ಹುಡುಗ'ನನ್ನು ಕುರಿತದ್ದು. ಪರೀಕ್ಷೆ ಪಾಸು ಮಾಡುತ್ತ ಮಾಡುತ್ತ ತನ್ನ ಕೇರಿಯಿಂದ ದೂರವಾಗಿ, ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಉಳಿಯುವ ಹುಡುಗ ಅವನು. ಅದು ಹೊಗಾರ್ಟ್‌ನ ಸ್ವಂತ ಕಥೆ. ನಮ್ಮಲ್ಲಿ ಹಳ್ಳಿಯಿಂದ ಹಾಸ್ಟೆಲಿಗೆ ಬಂದು ಓದಿದ ಎಷ್ಟೋ ಜನ ಆ ಪುಟಗಳಲ್ಲಿ ತಮ್ಮನ್ನು ಕಂಡುಕೊಂಡಾರು. ಆದರೆ ಅಕ್ಷರಕ್ಕೂ ಕೇರಿಗೂ ಇರುವ ಸಂಬಂಧ ಅದೊಂದೇ ಅಲ್ಲ ಎಂಬುದಕ್ಕೆ ಸಾಕ್ಷಿ ಹನ್‌ಸ್ಲೆಟ್ ಕ್ಲಬ್ಬಿನಲ್ಲೇ ಇದ್ದ. ಅವನ ಹೆಸರು ಸೆಸ್ ಥಾಂಪ್ಸನ್. ಟ್ರಿನಿಡಾಡ್‌ನ ಕಪ್ಪು ತಂದೆಯ, ಬಿಳಿಯ ತಾಯಿಯ ಮಗ. ಅನಾಥಾಲಯಗಳಲ್ಲಿ ಬೆಳೆದು, ಓದುಬರಹ ಸರಿಯಾಗಿ ದಕ್ಕದೆ ಕೂಲಿಗೆ ಸೇರಿದವನು. 1948ರಲ್ಲಿ ಹನ್‌ಸ್ಲೆಟ್ ಸೇರಿದ. 1951ರಲ್ಲಿ ರಗ್ಬಿ ಲೀಗ್‌ನಲ್ಲಿ ಗ್ರೇಟ್ ಬ್ರಿಟನ್ ಪರ ಆಡಿದ. ಆಟದಿಂದ ಬಂದ ಆತ್ಮವಿಶ್ವಾಸ ಅವನನ್ನು ಪುಸ್ತಕದ ಕಡೆ ತಿರುಗಿಸಿತು. ದೊಡ್ಡವನಾದ ಮೇಲೆ ಪರೀಕ್ಷೆ ಕಟ್ಟಿ, ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಮೇಷ್ಟರಾದ. 'ಬಾರ್ನ್ ಆನ್ ದಿ ರಾಂಗ್ ಸೈಡ್' ಅವನ ಆತ್ಮಕಥೆ.

ಹೊಗಾರ್ಟ್‌ಗೂ ಥಾಂಪ್ಸನ್‌ಗೂ ಸಾಮ್ಯ ಬಹಳ. ಇಬ್ಬರೂ ತಂದೆತಾಯಿಯ ಆಸರೆಯಿಲ್ಲದೆ ಬೆಳೆದವರು, ಇಬ್ಬರೂ ಹನ್‌ಸ್ಲೆಟ್‌ನಿಂದ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಹೋದವರು. ಒಬ್ಬನಿಗೆ ಓದು ಎಂದರೆ ಕೇರಿಯಿಂದ ಬೇರೆಯಾಗುವ ದಾರಿ. ಇನ್ನೊಬ್ಬನಿಗೆ ಕೇರಿಯ ಕ್ಲಬ್ಬೇ ಓದಿನ ಕಡೆಗೆ ತೆರೆದ ಬಾಗಿಲು. 'ಅಕ್ಷರದ ಉಪಯೋಗ' ಎಂಬ ಹೆಸರಿಗೆ ಥಾಂಪ್ಸನ್‌ನ ಬದುಕು ಇನ್ನೊಂದು ಅರ್ಥ ಕೊಡುತ್ತದೆ. ಹೊಗಾರ್ಟ್‌ನ ಕೇರಿಯಲ್ಲಿ ಆ ಅರ್ಥಕ್ಕೂ, ಕಪ್ಪು ಮೈಬಣ್ಣಕ್ಕೂ ಜಾಗ ಸಿಕ್ಕಿದ್ದು ಕಡಿಮೆ. 'ನಾವು' ಎಂದು ಆತ ಬೆಚ್ಚಗೆ ಬರೆಯುವಾಗ ಆ ಪದದೊಳಗೆ ಯಾರು ಯಾರು ಇದ್ದಾರೆಂದು ಕೇಳದೆ ಓದುವುದು ಈಗ ಸಾಧ್ಯವಿಲ್ಲ.

ಕ್ಲಬ್ಬಿನ ಕಥೆ 1973ಕ್ಕೆ ಪೂರ್ತಿ ಮುಗಿಯಲಿಲ್ಲ. 1951ರಿಂದ ಹನ್‌ಸ್ಲೆಟ್ ಬಿಟ್ಟು ಬೇರೆ ಕ್ಲಬ್ಬಿಗೆ ಆಡದ ಜೆಫ್ ಗನ್ನಿ ಮತ್ತು ಕೆಲವರು ಸೇರಿ 'ನ್ಯೂ ಹನ್‌ಸ್ಲೆಟ್' ಎಂಬ ಹೊಸ ಕ್ಲಬ್ ಕಟ್ಟಿದರು. ಸ್ವಂತ ನೆಲವಿಲ್ಲದೆ ಅದು ನಾಯಿ ಓಟದ ಮೈದಾನದಲ್ಲಿ ಆಡಿತು, ಫುಟ್‌ಬಾಲ್ ಕ್ಲಬ್ಬಿನ ಅಂಗಳದಲ್ಲಿ ಆಡಿತು. ಕೆಲವು ವರ್ಷಗಳ ನಂತರ ಹೆಸರಿನಿಂದ 'ನ್ಯೂ' ಬಿಟ್ಟುಹೋಯಿತು. ದಕ್ಷಿಣ ಲೀಡ್ಸ್‌ಗೆ ಮರಳಿ ನೆಲೆ ಸಿಕ್ಕಿದ್ದು 1995ರಲ್ಲಿ. ಕಾನೂನಿನ ಪ್ರಕಾರ ಹಳೆಯದು ಸತ್ತಿದೆ, ಇದು ಬೇರೆ. ಹಳೆಯ ಹಾಡನ್ನೇ ಹಾಡುವ ಅಭಿಮಾನಿಗಳಿಗೆ ಅದೇ ಇದು. ಎರಡೂ ನಿಜವೆಂದೇ ಹೇಳಬೇಕು. ಹೆಸರನ್ನು ಉಳಿಸಿಕೊಳ್ಳಬಹುದು, ನೆಲವನ್ನು ಮಾರಿದ ಮೇಲೆ ಅದು ಹಿಂದಕ್ಕೆ ಬರುವುದಿಲ್ಲ.

ಹಾಗಾದರೆ ಹೊಗಾರ್ಟ್‌ನ ಆ ನಾಲ್ಕಾರು ಸಾಲುಗಳಿಗೆ ಬೆಲೆ ಏನು? ಕ್ಲಬ್ಬಿನ ಚರಿತ್ರೆ ಬರೆದವರು ಅಂಕಗಳನ್ನು, ಆಟಗಾರರ ಪಟ್ಟಿಯನ್ನು ಜೋಪಾನ ಮಾಡಿದ್ದಾರೆ. ಗೆದ್ದ ರಾತ್ರಿ ಬೀದಿಯಲ್ಲಿ ನಿಂತವನಿಗೆ ಹೇಗನಿಸಿತು ಎಂಬುದು ಅಂಥ ಪಟ್ಟಿಗಳಲ್ಲಿ ಸಿಗದು. ಅದು ಹೊಗಾರ್ಟ್‌ನಲ್ಲಿದೆ, ಅದಕ್ಕಾಗಿ ಆತನನ್ನು ಓದಬೇಕು. ಆದರೆ ಒಂದು ಕೇರಿ ಏನನ್ನು ಕಳೆದುಕೊಂಡಿತು, ಯಾಕೆ ಕಳೆದುಕೊಂಡಿತು ಎಂದು ತಿಳಿಯಬೇಕಾದರೆ ಆ ಪುಟದ ಪಕ್ಕದಲ್ಲಿ ಇನ್ನೆರಡು ಕಾಗದ ಇಟ್ಟುಕೊಳ್ಳಬೇಕು: 1895ರ ಆರು ಶಿಲ್ಲಿಂಗಿನ ನಿಯಮ, 1973ರ ಪಾರ್ಕ್‌ಸೈಡ್‌ನ ಕ್ರಯಪತ್ರ. ನೆನಪು ಎಷ್ಟೇ ಪ್ರೀತಿಯದಾದರೂ ಆ ಎರಡು ಕಾಗದಗಳ ಕೆಲಸ ಅದರಿಂದ ಆಗುವುದಿಲ್ಲ.