ಸರ್ವೆ ನಂಬರಿಲ್ಲದ ಸಾಹಿತ್ಯ

ನಾಲ್ಕು ಜನ ಓದುವ ಕವನ ಸಂಕಲನಕ್ಕೆ ಮುನ್ನುಡಿ, ಬೆನ್ನುಡಿ, ಬಿಡುಗಡೆ ಸಮಾರಂಭ ಎಲ್ಲಾ ಇರುತ್ತೆ. ಆದರೆ ಬೆಂಗಳೂರಲ್ಲಿ ಪೇಪರಿನ ಮಡಿಕೆಯೊಳಗಿಂದ ಜಾರಿ ಬೀಳುತ್ತಲ್ಲ, ಸೈಟು ಮಾರಾಟದ ಪಾಂಪ್ಲೆಟ್ಟು, ಅದಕ್ಕೆ ಒಬ್ಬ ವಿಮರ್ಶಕನೂ ಇಲ್ಲ. ಒಂದು ಸಂಸಾರದ ಇಪ್ಪತ್ತು ವರ್ಷದ ಉಳಿತಾಯವನ್ನು ಒಂದೇ ಮಧ್ಯಾಹ್ನದಲ್ಲಿ ಕೈ ಬದಲಾಯಿಸುವ ಬರಹ ಅದು. ಈ ವಾರ ಅದನ್ನೇ ಓದೋಣ.

ಮೊದಲು ಶೈಲಿ. ಈ ಪ್ರಕಾರದಲ್ಲಿ ಕಿಲೋಮೀಟರ್ ಅನ್ನೋ ಪದ ನಿಷಿದ್ಧ. ಏರ್‌ಪೋರ್ಟ್‌ಗೆ 20 ನಿಮಿಷ, ಇಂಟರ್‌ನ್ಯಾಷನಲ್ ಸ್ಕೂಲ್‌ಗೆ 5 ನಿಮಿಷ. ಯಾವ ಹೊತ್ತಿನ ನಿಮಿಷ ಅಂತ ಕೇಳಬಾರದು. ಇನ್ನು ಕಾಲಸೂಚಕಗಳು: 'ಬರಲಿರುವ ರಿಂಗ್ ರೋಡ್ ಪಕ್ಕದಲ್ಲೇ'. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ಎರಡು ದಶಕದಿಂದ ಬರ್ತಾನೇ ಇದೆ. ನಡುವೆ ಹೆಸರು ಕೂಡ ಬಿಸಿನೆಸ್ ಕಾರಿಡಾರ್ ಅಂತ ಬದಲಾಯಿತು. ರಸ್ತೆಯ ಪಕ್ಕದಲ್ಲಿರೋ ಸೈಟಿಗೂ ರಸ್ತೆಗೆಂದು ಗುರುತಾದ ಜಾಗದೊಳಗೇ ಇರೋ ಸೈಟಿಗೂ ಕೆಲವೇ ಅಡಿ ವ್ಯತ್ಯಾಸ. ಪಾಂಪ್ಲೆಟ್ಟಿನ ನಕ್ಷೆಯಲ್ಲಿ ಅಷ್ಟು ಸೂಕ್ಷ್ಮ ಕಾಣೋದಿಲ್ಲ.

ಇಷ್ಟೆಲ್ಲಾ ಬರೆದವರು ಸರ್ವೆ ನಂಬರ್ ಮಾತ್ರ ಬರೆದಿರೋದಿಲ್ಲ. ಹೋಬಳಿ, ಹಳ್ಳಿ, ಸರ್ವೆ ನಂಬರ್ ಕೈಗೆ ಸಿಕ್ಕರೆ ಯಾರು ಬೇಕಾದರೂ ಮನೆಯಲ್ಲೇ ಕೂತು 'ಭೂಮಿ'ಯಲ್ಲಿ ಪಹಣಿ ನೋಡಬಹುದು. ಜಮೀನು ಇನ್ನೂ ರಾಗಿ ಹೊಲವಾಗಿಯೇ ಇದೆಯೋ, ಕನ್ವರ್ಷನ್ ಆಗಿದೆಯೋ ಅಂತ ವಿಚಾರಿಸಬಹುದು. 2016ರ ರೇರಾ ಕಾಯ್ದೆಯ ಪ್ರಕಾರ, ನೋಂದಣಿ ಆಗಬೇಕಾದ ಯೋಜನೆಯನ್ನು ನೋಂದಣಿಗೆ ಮುಂಚೆ ಜಾಹೀರಾತು ಮಾಡುವುದೇ ತಪ್ಪು. ಲೇಔಟ್ 500 ಚದರ ಮೀಟರ್ ದಾಟಿತೋ, ಈ ನಿಯಮ ಅನ್ವಯ. ಹಾಗಿದ್ದೂ 'ರೇರಾಗೆ ಅರ್ಜಿ ಸಲ್ಲಿಸಲಾಗಿದೆ' ಅಂತ ಹೆಮ್ಮೆಯಿಂದ ಅಚ್ಚು ಹಾಕಿಸುತ್ತಾರೆ. ಅದು ತಪ್ಪೊಪ್ಪಿಗೆ ಸ್ವಾಮಿ, ಅರ್ಹತಾ ಪತ್ರ ಅಲ್ಲ.

ನನಗೆ ಹೆಚ್ಚು ಕಾಡುವ ಪದ 'ಕ್ಲಿಯರ್ ಟೈಟಲ್'. ಆಧಾರ ಕೇಳಿದರೆ ಇ.ಸಿ. ತೋರಿಸುತ್ತಾರೆ. ಇ.ಸಿ.ಯಲ್ಲಿ ಕಾಣೋದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ. ಬಾಯಿಮಾತಿನ ಪಾಲು, ಬಿಳಿ ಹಾಳೆಯ ಕರಾರು ಅದರಲ್ಲಿ ಇರೋದಿಲ್ಲ. ನಡೆಯುತ್ತಿರುವ ಕೇಸೂ ಅಲ್ಲಿ ಕಾಣದೇ ಹೋಗಬಹುದು. ಪಿತ್ರಾರ್ಜಿತ ಜಮೀನಾದರೆ ಆ ಮನೆಯ ಹೆಣ್ಣುಮಕ್ಕಳ ಪಾಲೂ ಅಲ್ಲಿಲ್ಲ. 2005ರ ತಿದ್ದುಪಡಿ ಅವರಿಗೆ ಸಮಪಾಲು ಕೊಟ್ಟಿತು. ಅಪ್ಪ ಆ ಹೊತ್ತಿಗೆ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ ಹೊಲಕ್ಕೆ, ಮದುವೆಯಾಗಿ ಪಕ್ಕದ ತಾಲೂಕಿಗೆ ಹೋದ ತಂಗಿ ಒಂದು ದಿನ ಕೋರ್ಟ್ ನೋಟೀಸು ಕಳಿಸುತ್ತಾಳೆ. ದಲಿತ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆ ಇದೆ: ಸರ್ಕಾರದ ಅನುಮತಿ ಇಲ್ಲದ ಮಾರಾಟ ಅನೂರ್ಜಿತ, ಜಮೀನು ಮೂಲ ಕುಟುಂಬಕ್ಕೆ ವಾಪಸ್. ಅದಕ್ಕೆ ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳಿತು.

ಹೂಡಿಕೆ ಸಲಹೆಗಾರರು ಇದಕ್ಕೆಲ್ಲಾ 'ಲೀಗಲ್ ರಿಸ್ಕ್' ಅಂತ ಹೆಸರಿಟ್ಟಿದ್ದಾರೆ. ಆ ತಂಗಿಗೆ ಅದು ರಿಸ್ಕ್ ಅಲ್ಲ, ಹಕ್ಕು. ಪಾಂಪ್ಲೆಟ್ಟು 'ಕ್ಲಿಯರ್' ಮಾಡಿರೋದು ಟೈಟಲ್ಲನ್ನಲ್ಲ, ಅವಳ ಹೆಸರನ್ನು. ಸಾಲ ತೀರಿಸುತ್ತಾ ಕೋರ್ಟು ಅಲೆಯುವವನು ಮಾತ್ರ ಸೈಟು ಕೊಂಡ ಗುಮಾಸ್ತ. ಮಾರಿದವನು ಅಷ್ಟು ಹೊತ್ತಿಗೆ ಮುಂದಿನ ಲೇಔಟಿಗೆ ಆರ್ಚ್ ಕಟ್ಟಿಸುತ್ತಿರುತ್ತಾನೆ.

'ಪ್ರಮುಖ ಬ್ಯಾಂಕುಗಳಿಂದ ಸಾಲ ಲಭ್ಯ' ಅನ್ನೋ ಸಾಲನ್ನು ನಮ್ಮವರು ಟೈಟಲ್ ಸರ್ಟಿಫಿಕೇಟ್ ಥರ ಓದ್ತಾರೆ. ಬ್ಯಾಂಕಿನ ವಕೀಲರು ನೋಡೋದು ಬ್ಯಾಂಕಿನ ಹಿತ. ನಾಳೆ ಸೈಟು ಕೈಬಿಟ್ಟರೂ ಕಂತು ನಿಲ್ಲೋದಿಲ್ಲ. '5 ವರ್ಷದಲ್ಲಿ ಡಬಲ್' ಅಂದರೆ ವರ್ಷಕ್ಕೆ ಸುಮಾರು 15 ಪರ್ಸೆಂಟ್ ಏರಬೇಕು, ಒಂದು ವರ್ಷವೂ ತಪ್ಪದೆ. ಏರಿತು ಅಂತಲೇ ಇಟ್ಕೊಳ್ಳಿ, ಆಸ್ಪತ್ರೆ ಖರ್ಚಿಗೆ ಅಂತ ಸೈಟಿನ ಒಂದು ಮೂಲೆ ಮಾತ್ರ ಮಾರೋಕೆ ಬರುತ್ತಾ?

ನ್ಯಾಯವಾಗಿ ಹೇಳಬೇಕೆಂದರೆ, ಈ ಬರಹದಲ್ಲಿ ಒಂದು ಪ್ರಾಮಾಣಿಕ ವಾಕ್ಯವೂ ಇರುತ್ತೆ. ಕೊನೇ ಸಾಲಲ್ಲಿ, ಇರುವೆಯಷ್ಟು ಅಕ್ಷರದಲ್ಲಿ: 'ಚಿತ್ರಗಳು ಕಾಲ್ಪನಿಕ'. ಅದರ ಕೆಳಗೇ ಫೋನ್ ನಂಬರ್. ಫೋನ್ ಮಾಡಿ ಸರ್ವೆ ನಂಬರ್ ಕೇಳಿ ನೋಡಿ. "ಸಾರ್, ಸಂಡೇ ಫ್ಯಾಮಿಲಿ ಸಮೇತ ಬಂದ್ಬಿಡಿ. ಕ್ಯಾಬ್ ನಾವೇ ಕಳಿಸ್ತೀವಿ, ಊಟಾನೂ ಇದೆ."